ಪೀಕದಾನಿ

ಬೆಳಗಿನ ಏಳಕ್ಕೆ ನೂರಾ ನಲವತ್ತು ಬಟ್ಟಲು,
ಬಿಳಿಯವು, ಹಿಡಿಯಿಲ್ಲದವು,
ಉದ್ದ ಮೇಜಿನ ಮೇಲೆ.
ಒಂದೊಂದರಲ್ಲೂ ಒಂದೊಂದು ಗುಡ್ಡ.

ನಾನು ಸೂದಿ. ನೀರು ಕುದಿಸುವವನು,
ಆರು ನಿಮಿಷ ಎಣಿಸುವವನು,
ಆಮೇಲೆ ಚಕ್ರದ ಮೇಲಿನ ತಗಡಿನ ಪೀಕದಾನಿಯನ್ನು
ಅವರ ಹಿಂದೆ ಹಿಂದೆಯೇ ದೂಡಿಕೊಂಡು ಹೋಗುವವನು.

ಅವರೆಂದರೆ ಬೀ ಮ್ವಾನಖೇರಿ.
ಮೊಂಬಾಸಾದಲ್ಲಿ ಅವರ ನಾಲಿಗೆಗೆ ವಿಮೆಯಿದೆ ಅನ್ನುತ್ತಾರೆ,
ನಾನು ಕಂಡದ್ದಿಲ್ಲ.
ಕಂಡದ್ದು ಇಷ್ಟು: ಚಮಚದಿಂದ ಸೊರ್ರನೆ ಎಳೆಯುತ್ತಾರೆ,
ಅರೆಗಣ್ಣು ಮುಚ್ಚಿ
ಎರಡೆಣಿಸುವಷ್ಟು ಹೊತ್ತು.
ಥೂ.
ಗುರಿ ತಪ್ಪಿದ್ದು ಹನ್ನೊಂದು ವರ್ಷದಲ್ಲಿ ಒಮ್ಮೆ,
ಅದೂ ತಮ್ಮ ತೀರಿಕೊಂಡ ಸುದ್ದಿ ಬಂದ ದಿನ.

"ರುವಾಂಡ. ಮೇಲ್ಗುಡ್ಡ. ಬಿಸಿಲು ಚೆನ್ನಾಗಿತ್ತು."
ಥೂ.
"ಕೆರಿಚೊ. ಬೆಂಕಿ ಜಾಸ್ತಿಯಾಗಿದೆ."
ಥೂ.
"ಬುರುಂಡಿ. ಲಾರಿ ಎಲ್ಲೋ ಗಡಿಯಲ್ಲಿ ನಿಂತಿತ್ತು,
ವಾರದ ಮೇಲಾಗಿರಬೇಕು, ತಾಡಪಾಲು ಸೋರಿದೆ."
ನಾಲಿಗೆಗೆ ಅದೂ ಗೊತ್ತಾಗುತ್ತದೆ.
ಗಡಿಯಲ್ಲಿ ಕಾದವನ ಹೆಸರು ಮಾತ್ರ ಗೊತ್ತಾಗುವುದಿಲ್ಲ.
ಅವನು ನ್ದಾಯಿಸೆಂಗ. ನನಗೆ ಗೊತ್ತು,
ನಮ್ಮ ಗೋದಾಮಿನ ಹಿಂದೆಯೇ ಮಲಗುತ್ತಾನೆ
ವಾಪಸು ಹೋಗಲು ಹೊರೆ ಸಿಗುವ ತನಕ.

ಮುತುಂಗ ಬರೆದುಕೊಳ್ಳುತ್ತಾನೆ,
ಒಂದಂಕಿ, ಒಂದು ಚುಕ್ಕೆ, ಎರಡಂಕಿ.
ಹರಾಜಿನ ದಿನ ಆ ಚುಕ್ಕೆ ಪರದೆಯ ಮೇಲೆ ಮಿನುಗುತ್ತದೆ.
ಕರಾಚಿ ಕೈ ಎತ್ತುತ್ತದೆ,
ಕೈರೊ ತಲೆ ಕೆರೆದುಕೊಳ್ಳುತ್ತದೆ,
ಲಂಡನ್ನಿನಲ್ಲಿ ಇನ್ನೂ ಕತ್ತಲೆ,
ಯಾರೋ ಹಾಸಿಗೆಯಿಂದಲೇ ಬೇಡ ಅನ್ನುತ್ತಾರೆ.
ದುಬೈ ತುಟಿ ಬಿಚ್ಚುವುದಿಲ್ಲ. ಕೊನೆಗೆ ಕೊಳ್ಳುವುದು ಅದೇ.
ಊರು ಊರುಗಳ ನಡುವೆ ಮಾತು,
ಹಿತ್ತಿಲ ಗೋಡೆಯ ಮೇಲಿಂದ ಬೀಗಿತ್ತಿಯರು ಆಡಿಕೊಂಡ ಹಾಗೆ.
ಯಾರ ಬಗ್ಗೆ ಆಡಿದರೋ
ಅವರು ಗುಡ್ಡದ ಮೇಲೆ ಬಗ್ಗಿ ಚಿಗುರು ಮುರಿಯುತ್ತಿರುತ್ತಾರೆ.

ಮೊದಮೊದಲು ಕೇಳಿದ್ದುಂಟು ನಾನು:
ಇದು ಉಪ್ಪುನೆಲ, ಒಂದೆಲೆ ಚಹಾ ಬೆಳೆಯುವುದಿಲ್ಲ,
ಕೊಳ್ಳುವವರೂ ಇಲ್ಲಿಯವರಲ್ಲ,
ಮತ್ತೆ ಬೆಲೆ ಯಾಕೆ ಇಲ್ಲೇ ಹುಟ್ಟಬೇಕು?
ಬೀ ಬಟ್ಟಲಿನಿಂದ ತಲೆಯೆತ್ತಲಿಲ್ಲ.
"ರುಚಿ ಇರುವುದು ಬಾಯಲ್ಲಿ, ಸೂದಿ.
ಹೊಟ್ಟೆಯಲ್ಲಲ್ಲ."

ನುಂಗಲೂ ಆಗದೆ ಉಗುಳಲೂ ಆಗದೆ
ಬಾಯಲ್ಲಿಟ್ಟುಕೊಂಡು ಒದ್ದಾಡುವವರು ಲೋಕದ ತುಂಬ ಇದ್ದಾರೆ.
ಈ ಬಂದರಿಗೆ ಆ ಕಷ್ಟವಿಲ್ಲ.
ಉಗುಳುವುದೇ ಇದರ ಕಸುಬು.

ಹನ್ನೊಂದಕ್ಕೆ ಪೀಕದಾನಿ ತುಂಬುತ್ತದೆ.
ಎರಡು ಕೈಲಿ ಹಿಡಿದು, ತುಳುಕದ ಹಾಗೆ,
ಹಿಂದಿನ ಮೋರಿಗೆ ಒಯ್ಯುತ್ತೇನೆ.
ಬಗ್ಗಿ ನೋಡಿದರೆ
ಆರು ದೇಶ, ನೂರಾ ನಲವತ್ತು ಗುಡ್ಡ,
ಒಬ್ಬ ಹೆಂಗಸಿನ ಎಂಜಲು.
ನಡುವೆ ಗೆರೆಯಿಲ್ಲ, ಸುಂಕದ ಕಟ್ಟೆಯಿಲ್ಲ.
ಮಂತ್ರಿಗಳು ವರ್ಷವರ್ಷವೂ ದೊಡ್ಡ ಹೋಟೆಲುಗಳಲ್ಲಿ ಕೂತು
ಸಹಿ ಹಾಕಿ ಹಾಕಿ ಮುಗಿಯದ್ದು
ಇಲ್ಲಿ, ಈ ತಗಡಿನೊಳಗೆ, ಆಗಿಹೋಗಿದೆ,
ಕಂದುಬಣ್ಣದಲ್ಲಿ, ತಣ್ಣಗೆ.
ಸುರಿಯುತ್ತೇನೆ.
ಮೋರಿ ಕಿಲಿಂದಿನಿಯ ಕಡೆಗೇ ಹರಿಯುತ್ತದೆ,
ಹಡಗುಗಳು ನಿಂತಿರುವ ಕಡೆಗೆ.

ಸಂಜೆ ಲಿಕೋನಿಯ ದೋಣಿಗೆ ಕಾಯುವಾಗ
ಬೀ ನನಗೂ ಒಂದು ಲೋಟ ಕೊಡಿಸುತ್ತಾರೆ.
ಶುಂಠಿ, ಸಕ್ಕರೆ, ಯಾವುದೋ ಗೋದಾಮು ಗುಡಿಸಿದ ಪುಡಿ.
ಸೊರ್ರನ್ನುವುದಿಲ್ಲ. ಕಣ್ಣು ಮುಚ್ಚುವುದಿಲ್ಲ.
ಗುಟುಕು ಗುಟುಕಾಗಿ ನುಂಗುತ್ತಾರೆ.
"ಯಾವ ಗುಡ್ಡ?" ಅಂದೆ ನಿನ್ನೆ.
"ಬಿಸಿ ಇದೆ," ಅಂದರು.

ಲೋಟ ಇಟ್ಟು ಹತ್ತು ಶಿಲಿಂಗು ಕೊಟ್ಟರೆ
ಚಹಾದ ಹುಡುಗಿ ಕೈ ಹಿಂತೆಗೆಯಲಿಲ್ಲ.
ಲೋಟಕ್ಕೀಗ ಹದಿನೈದಂತೆ.
"ಮೊನ್ನೆ ಹತ್ತಿತ್ತಲ್ಲೇ?"
"ನನ್ನನ್ನು ಕೇಳಿದರೆ? ಮೇಲಿಂದಲೇ ಏರಿ ಬಂದಿದೆ, ಅಮ್ಮಾ."

ಬೀ ಚೌಕಾಸಿ ಮಾಡಿದರು. ಬಹಳ ಹೊತ್ತು ಮಾಡಿದರು.
ಸೋತು, ಚೀಲದ ತಳದಲ್ಲಿ ಚಿಲ್ಲರೆ ತಡಕುತ್ತಿದ್ದಾಗ
ದೋಣಿಯ ಗಂಟೆ ಬಾರಿಸಿತು.