ಕೌಲ್ ಬಜಾರಿನಲ್ಲಿ ಒಂದು ಡೊಂಕು ಕಾಲು

ಹೊಸ ಡಬ್ಬಿಯಲ್ಲಿ ಏಳು ಸಾಮಾನು ಬಂದಿದ್ದವು,
ಎಣ್ಣೆ ಸವರಿ, ಬೆಣ್ಣೆಕಾಗದ ಸುತ್ತಿ.
ಗೀರುಕಡ್ಡಿಯ ಮೂತಿ ಮೊದಲ ತಗಡಿಗೇ ಮಡಚಿಕೊಂಡಿತು.
ಕೈವಾರದ ತಿರುಪು ಸಡಿಲ:
ಅರವತ್ತಕ್ಕೆ ಬಿಗಿದರೆ
ಸುತ್ತು ಮುಗಿಯುವಷ್ಟರಲ್ಲಿ ಅರವತ್ತೆರಡು.
ಹೊರಟಲ್ಲಿಗೆ ಬಂದು ಸೇರದ ವೃತ್ತ,
ಬಸವನಹುಳದ ಚಿಪ್ಪು.

ಮುಂಡ್ರಿಗಿಯ ಶೆಡ್ಡಿನಲ್ಲಿ ನನ್ನ ಕೆಲಸ
ಜೀನ್ಸ್ ತೊಳೆಯುವ ಡ್ರಮ್ಮಿನ ಬಾಯಿಗೆ
ಕಬ್ಬಿಣದ ಫ್ಲಾಂಜು ಗುರುತು ಹಾಕುವುದು.
ಹನ್ನೆರಡು ತೂತು, ಒಂದೇ ಸುತ್ತಿನ ಮೇಲೆ.
ಒಂದು ಕೂದಲೆಳೆ ಸರಿದರೂ
ಬೋಲ್ಟು ಅರ್ಧಕ್ಕೇ ನಿಂತು ನನ್ನ ಮುಖ ನೋಡುತ್ತದೆ.

ಮೋನಪ್ಪ ಮೇಸ್ತ್ರಿ ಕೆಲಸ ಬಿಡುವಾಗ
ತಮ್ಮ ಸಾಮಾನೆಲ್ಲ ಕಟ್ಟಿಕೊಂಡೇ ಹೋದರು
ಸಿರುಗುಪ್ಪಕ್ಕೆ, ಅಳಿಯನ ಮನೆಗೆ.
ಕೇಳಿದೆ, ನಾಚಿಕೆ ಬಿಟ್ಟು.
‘ನನ್ನ ಕೈ ಕಡಿದು ಕೊಡ್ತೀನಿ, ತಗೋತೀ ಏನು?’ ಅಂದರು.

ಹಾಗಾಗಿ ಭಾನುವಾರ ಕೌಲ್ ಬಜಾರು,
ದಸ್ತಗಿರಿಯ ಗುಜರಿ.
ಪಂಪಿನ ಹೊಟ್ಟೆ, ಹೊಲಿಗೆ ಮಷೀನಿನ ಕಾಲು,
ಅದಿರು ಲಾರಿಯ ಪಟ್ಟಿ, ಯಾವ ಬೀಗದ್ದೋ ಕೀಲಿಕೈ.
ಬಿಸಿಲಿಗೆ ಎಲ್ಲ ಕೆಂಡ. ದುಪಟ್ಟಾದ ತುದಿಯಲ್ಲಿ ಹಿಡಿದು
ಒಂದೊಂದೇ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದೆ.

ಮೂಲೆಮಟ್ಟ ಸಿಕ್ಕಿತು.
ಗೆರೆ ಎಳೆದೆ, ಮಗುಚಿಟ್ಟು ಮತ್ತೆ ಎಳೆದೆ.
ಎರಡು ಗೆರೆ.
ಸುಳ್ಳನ್ನು ಹಿಡಿಯುವುದೂ ಹೀಗೇ:
ಅದೇ ಮಾತನ್ನು ಆ ಬದಿಗೆ ನಿಂತು ಕೇಳಬೇಕು.
ವಾಪಸ್ಸು ಎಸೆದೆ.

ಸೆಂಟರ್ ಪಂಚು, ತಲೆ ಅಣಬೆಯಾಗಿದೆ, ಉಜ್ಜಿದರಾಯಿತು.
ಮುರಿದ ಡ್ರಿಲ್ ಬಿಟ್ಟು ಎರಡು,
ಗೀರುಕಡ್ಡಿ ನಾನೇ ಸಾಣೆ ಹಿಡಿದೇನು.

ಆಮೇಲೆ ತಳದಲ್ಲಿ, ನಟ್ಟುಗಳ ಕೆಳಗೆ, ಅದು.
ಒಂದು ಕಾಲು ನೆಟ್ಟಗೆ, ಮೊನೆಯಾಗಿ;
ಇನ್ನೊಂದರ ಪಾದ ಒಳಕ್ಕೆ ಮಡಚಿದೆ.
ಬಿಚ್ಚಿದರೆ ಬೆಣ್ಣೆ, ಬಿಟ್ಟಲ್ಲಿ ಕಲ್ಲು.

‘ಅದು ಬ್ಯಾಡಮ್ಮಾ,’ ಅಂದ ದಸ್ತಗಿರಿ.
‘ಯಾರೋ ಬಡಿದು ಕಾಲು ಡೊಂಕು ಮಾಡ್ಯಾರ.
ಬೇಕೇ ಬೇಕಂದ್ರ ಇಪ್ಪತ್ತು ಕೊಡು.’

ಅದು ಹುಟ್ಟಿದ್ದೇ ಹಾಗೆ, ಅನ್ನಲಿಲ್ಲ ನಾನು.
ಡೊಂಕು ಕಾಲು ಅಂಚನ್ನು ತಬ್ಬಿ ನಡೆದರೇನೇ
ನೆಟ್ಟನೆಯದಕ್ಕೆ ದಾರಿ ಗೊತ್ತಾಗುವುದು, ಅನ್ನಲಿಲ್ಲ.
ಇಪ್ಪತ್ತು ಕೊಟ್ಟೆ.
ಚಹಾ ತರಿಸಿದ. ಕುಡಿದೆ.

ಗೊಬ್ಬರದಂಗಡಿಯಲ್ಲಿ ಮೈಲುತುತ್ತ ಕೇಳಿದರೆ
‘ಎಷ್ಟು ಎಕರೆಗೆ? ಮೆಣಸಿನಕಾಯಿನಾ, ದಾಳಿಂಬ್ರಿನಾ?’
ಒಂದು ಅಂಗೈಯಗಲ, ಅಂದೆ.
ಅವನು ನಗಲಿಲ್ಲ. ಪುಡಿಕೆ ಕಟ್ಟಿದ.

ಆಟೋದಲ್ಲಿ ಪಕ್ಕದಾಕೆ ನನ್ನ ನೀಲಿ ಉಗುರು ನೋಡಿ
‘ಯಾವ ವಾಷಿಂಗಿನಾಕಿ ನೀನು?’ ಅಂದಳು.
ಅವಳ ಉಗುರೂ ನೀಲಿ.
ಈ ಊರಲ್ಲಿ ನೀಲಿಗೆ ಒಂದೇ ಅರ್ಥ.
ಇದು ಗೆರೆ ಕಾಣಲಿ ಅಂತ ಬಳಿಯುವ ಬಣ್ಣ ಎಂದು
ಬಾಯಿ ತೆರೆಯುವಷ್ಟರಲ್ಲಿ ಅವಳು ಇಳಿದಳು.

ಸೋಮವಾರ ಕೈವಾರದ ಕೀಲಿಗೆ ವಾಷರು ತುರುಕಿದೆ;
ಈಗ ಹೇಳಿದ ಮಾತು ಕೇಳುತ್ತದೆ.
ಫ್ಲಾಂಜಿನ ಮುಖ ಉಜ್ಜಿ
ಮೈಲುತುತ್ತದ ನೀರು ಹಚ್ಚಿದೆ.
ಹಚ್ಚಿದ್ದು ನೀಲಿ, ಕೂತದ್ದು ತಾಮ್ರ.
ಆ ಕೆಂಪಿನ ಮೇಲೆ, ಡೊಂಕು ಕಾಲನ್ನು ಅಂಚಿಗೆ ಒರಗಿಸಿ
ಉಸಿರು ಹಿಡಿದು ಎಳೆದೆ.
ಬೆಳ್ಳನೆ ಗೆರೆ
ಹೊರಟಲ್ಲಿಗೇ ಬಂದು ಸೇರಿತು.
ಸಂಜೆಗೆ ಹನ್ನೆರಡು ಬೋಲ್ಟೂ
ನೆಂಟರ ಮನೆಗೆ ಬಂದಂತೆ ಒಳಗೆ ಹೋದವು.

ಮುಂದಿನ ಭಾನುವಾರ ಹೋಗಿ
ದಸ್ತಗಿರಿಗೆ ನಿಜ ಹೇಳಬೇಕು, ಉಳಿದ ಹಣ ಕೊಡಬೇಕು.
ಹೇಳಿದರೆ ಮಾತ್ರ
ಗುಜರಿಯ ಡೊಂಕುಗಳನ್ನೆಲ್ಲ ಅವನು ಬೇರೆ ಕಣ್ಣಲ್ಲಿ ನೋಡಿಯಾನು,
ಒಂದೊಂದಕ್ಕೂ ಬೆಲೆ ಏರಿಸಿಯಾನು.

ನನಗಿನ್ನೂ ಒಂದು ಸರ್ಫೇಸ್ ಗೇಜು ಬೇಕು.