ಜೋಕಟ್ಟೆಯ ಗುಜರಿಯಲ್ಲಿ

ಮೊಯ್ದಿನಬ್ಬರ ಗುಜರಿ ಅಂಗಡಿಯಲ್ಲಿ
ತಗಡು, ಬ್ಯಾಟರಿ, ದೋಣಿಯ ಹಳೇ ಇಂಜಿನ್ನುಗಳ ನಡುವೆ
ಅದು ನಿಂತಿತ್ತು. ನಾನೇ ಮೊದಲು ಗುರುತು ಹಿಡಿದೆ.
ಎದೆಮಟ್ಟದ ಕಂಬ, ಊಟದ ಬಟ್ಟಲಿನಷ್ಟು ಮುಖ,
ಗಾಜಿನ ಎಡಗಡೆಯ ಆ ಬಿರುಕು ನನ್ನದೇ,
ಎಪ್ಪತ್ತೆರಡರಲ್ಲಿ ಯಾರದೋ ಟ್ರಂಕು ಜಾರಿದಾಗ ಆದದ್ದು.

ಕಿತ್ತಳೆ ಬಣ್ಣದ ಎರಡು ಅಕ್ಷರ
ತುಕ್ಕಿನ ಜೊತೆ ಒಂದಾಗಿ ಹೋಗಿವೆ.
ಬಣ್ಣ ಯಾವುದು, ತುಕ್ಕು ಯಾವುದು
ಉಗುರಿನಿಂದ ಕೆರೆದರೂ ತಿಳಿಯಲಿಲ್ಲ.

ನಾನು ಲೋಡರ್. ಟೋಕನ್ ನಂಬರು ಹದಿನೇಳು.
ಬಜಪೆ ಗುಡ್ಡದ ನೆತ್ತಿ ಬೋಳಿಸಿ ಮಾಡಿದ ಆ ಕೆಂಪು ಬಯಲಿಗೆ
ಡಕೋಟಾ ಬರುತ್ತಿದ್ದ ಕಾಲ ನನ್ನ ಮಾವನದು.
ನನ್ನದು ಆವ್ರೊ: ಎರಡು ಪಂಕ, ಎರಡು ಗುಟುರು,
ಒಂದು ಕಿಲೋ ಹೆಚ್ಚಾದರೂ ಮುಖ ಊದಿಸುವ ಜಾತಿ.
ಅದಕ್ಕೇ ಮೂಟೆಯನ್ನೂ ತೂಗುತ್ತಿದ್ದೆವು, ಮನುಷ್ಯರನ್ನೂ.

ಮುಳ್ಳು ಓದುವವನು ಸೆವೆರಿನ್ ಲೋಬೊ.
ಹೆಂಗಸರು ಹತ್ತಿದರೆ ಗಾಜಿಗೆ ಅಂಗೈ ಅಡ್ಡ ಹಿಡಿದು
ತಾನೊಬ್ಬನೇ ಇಣುಕಿ, ಬಾಯಿ ಬಿಡದೆ ಬರೆದುಕೊಳ್ಳುತ್ತಿದ್ದ.
ಮಾಟುಂಗದ ಹೋಟೆಲು ಧಣಿ ಹಲಸಿನ ಹಣ್ಣು ಅಪ್ಪಿಕೊಂಡೇ ಹತ್ತಿ
"ಇದೂ ನನ್ನ ಹೊಟ್ಟೆಯೇ ಅಂತ ಬರಕೊಳ್ಳಿ ಪೊರ್ಬುಲೇ" ಎಂದದ್ದುಂಟು.
ಎಂಟು ತಿಂಗಳ ಬಸುರಿಯೊಬ್ಬಳ ಮುಂದೆ ಮಾತ್ರ
ಪೆನ್ನು ತಡೆಯಿತು: ಒಂದು ಸೀಟು, ಎರಡು ಜೀವ,
ಯಾವ ಕಾಲಂ?

ಹಿಂದಿನ ಡಬ್ಬಿಗೆ ಶಂಕರಪುರದ ಮಲ್ಲಿಗೆ.
ಬಾಳೆಲೆ ಸುತ್ತಿದ ಅಟ್ಟೆ ಅಟ್ಟೆ, ನೀರು ಚಿಮುಕಿಸಿ.
ಹೂವಿಗೆ ತೂಕವಿಲ್ಲ, ತೂಕವೆಲ್ಲ ನೀರಿನದು, ನಾರಿನದು
ಎನ್ನುತ್ತಿದ್ದರು ಮಾವ. ಬೆನ್ನಿನ ಲೆಕ್ಕ ಬೇರೆ.

ಜೂನಿನಲ್ಲಿ ಮೋಡ ಗುಡ್ಡದ ಮೇಲೇ ಕೂತುಬಿಡುವುದು.
ವಿಮಾನ ಕಾಣುವುದಿಲ್ಲ, ಸದ್ದು ಮಾತ್ರ
ಮೂರು ಸುತ್ತು ಬಂದು, ಸಣ್ಣದಾಗಿ, ಬೊಂಬಾಯಿಗೆ ತಿರುಗುವುದು.
ಹಾರ ಹಿಡಿದು ಬಂದವರು ಮೋಡಕ್ಕೇ ಕೈಬೀಸಿ ಹೋಗುತ್ತಿದ್ದರು.
ಅಂಥದೊಂದು ದಿನ ಸೆವೆರಿನ್, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ
ರದ್ದು ಎಂದು ಬರೆದು, ಕೈ ಒರೆಸಿಕೊಂಡು ಹೇಳಿದ:
"ನಾಳೆಗೆ ಇದು ಗೊಬ್ಬರ. ಒಯ್ಯಿರಿ."

ಆ ಸಂಜೆ ಕೆಂಜಾರಿನಲ್ಲಿ
ಬೀಡಿ ಎಲೆ ಕತ್ತರಿಸುವವರ, ಮೀನು ಬುಟ್ಟಿಯವರ,
ಹಟ್ಟಿಗೆ ಸೊಪ್ಪು ಹೊರುವ ಮುದುಕಿಯರ ತಲೆ ತುಂಬ
ಬೊಂಬಾಯಿಗೆ ಹೊರಟಿದ್ದ ಹೂ.
ನನ್ನ ಅಪ್ಪಿ ಮೂರು ದಿನ ಮುಡಿದಳು, ಕಂದಿದ ಮೇಲೂ.
ಆಮೇಲೊಂದು ರಾತ್ರಿ, ಕಾವಲಿನವನಿಗೆ ಬೀಡಿಕಟ್ಟು ಕೊಟ್ಟು
ಅವಳನ್ನು ಕರೆದೊಯ್ದು ಇದರ ಮೇಲೆ ನಿಲ್ಲಿಸಿದೆ.
ನಲವತ್ತೊಂದು. ಚಪ್ಪಲಿ ಬಿಟ್ಟು.
"ಇಷ್ಟೇ ಆದರೆ ಹತ್ತಿಸುತ್ತಾರಾ?"
ಹತ್ತಿಸುತ್ತಾರೆ ಎಂದೆ.
ಅವಳು ಹತ್ತಲಿಲ್ಲ. ನಾನೂ.

ಕಂಪೆನಿಯ ಕತೆ ನಿಮಗೆ ಗೊತ್ತು.
ಐವತ್ತಮೂರರಲ್ಲಿ ಎಂಟನ್ನು ಕೂಡಿಸಿ ಒಂದು ಮಾಡಿದ್ದು,
ಬೋಯಿಂಗ್ ಬಂದದ್ದು, ಬಣ್ಣದ ಬಾಲದ ಖಾಸಗಿಯವರು ಬಂದು
ನಮ್ಮ ಪೆಪ್ಪರ್‌ಮಿಂಟಿನ ತಟ್ಟೆ ನೋಡಿ ನಕ್ಕದ್ದು.
ಮೊದಲು ಹೆಸರಿನ ಬಾಲ ಕತ್ತರಿಸಿದರು.
ಇಂಡಿಯನ್ ಅಂತ ಅಷ್ಟೇ ಉಳಿಯಿತು,
ಯಾರೋ ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋದಂತೆ.
ಆಮೇಲೆ ದೊಡ್ಡಣ್ಣನ ಮನೆಗೆ ಸೇರಿಸಿದರು.
ಸತ್ತ ದಿನ ಯಾವುದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಬೊಜ್ಜಕ್ಕೆ ದಿನ ಇಡುವುದು ಹೇಗೆ?

ಮೊಯ್ದಿನಬ್ಬ ಇದರಲ್ಲಿ ಈಗ ತಾಮ್ರ ತೂಗುತ್ತಾರೆ.
ನಾನು ಹತ್ತಿ ನಿಂತೆ. ಐವತ್ತೆಂಟು.
ಇಳಿದೆ. ಮುಳ್ಳು ಸೊನ್ನೆಗೆ ಬರಲಿಲ್ಲ,
ಒಂದೂವರೆಯ ಹತ್ತಿರ ನಡುಗುತ್ತ ನಿಂತಿತು.
"ಅದು ಹಾಗೇ. ಸ್ಪ್ರಿಂಗ್ ಸೋತಿದೆ. ಒಂದೂವರೆ ಕಳೆಯಬೇಕು."

ಮಾರುತ್ತೀರಾ ಎಂದೆ.
ಕಬ್ಬಿಣದ ರೇಟಿಗೆ ಎಂದರು. ಎಷ್ಟಾದೀತು ಎಂದೆ.
ಅವರು ಅದನ್ನೊಮ್ಮೆ ನೋಡಿ, ನನ್ನನ್ನು ನೋಡಿ
ತಲೆ ಕೆರೆದುಕೊಂಡರು:
"ಇದನ್ನು ತೂಗಲಿಕ್ಕೆ ಇನ್ನೊಂದು ಬೇಕಲ್ಲ ಮಾರಾಯ್ರೆ."