ಮೂರು ಮೊಳದ ಮಣ್ಣು

ಸಾಗರದಲ್ಲಿ, ಗಣಪತಿ ಕೆರೆಯ ಹಿಂದಿನ ಬೀದಿ,
ಅಂಗಡಿಯ ಮೆಟ್ಟಿಲಿಗೂ ಚರಂಡಿಗೂ ನಡುವೆ
ಮೂರು ಮೊಳ ಮಣ್ಣು ನನ್ನದು.
ನನ್ನದೇನೂ ಅಲ್ಲ, ಬಾಡಿಗೆಯದು;
ಆದರೂ ಟೇಪು ಹಿಡಿದು ಅಳೆದಿದ್ದೇನೆ:
ಉದ್ದ ಐವತ್ನಾಲ್ಕು ಇಂಚು, ಅಗಲ ಹದಿನಾರು,
ಒಂದು ಮಗುವಿನ ಲಂಗದ ಬಟ್ಟೆಯಷ್ಟು.

ಇಷ್ಟರಲ್ಲಿ ಎಲ್ಲಾ ಬಣ್ಣ ಹಿಡಿಯುವುದಿಲ್ಲ.
ಗುಲಾಬಿ, ಬಿಳಿ. ಸಾಕು ಅಂದೆ.
"ಎಂತಕ್ಕೆ ಮಾರಾಯ್ತಿ" ಅಂದಳು ತ್ಯಾಗರ್ತಿ ಚೌಡಮ್ಮ,
"ಹಳದಿ ಇಲ್ಲದ ಅಂಗಳ, ಅರಿಶಿನ ಇಲ್ಲದ ಕೆನ್ನೆ."
ಹಗಲಿಡೀ ನನ್ನ ತೊಡೆಯ ಮೇಲೆ ಬಣ್ಣಗಳೇ ಬಿದ್ದಿರುತ್ತವೆ,
ಗಿಣಿಹಸಿರು, ನೇರಳೆ, ಮದುವೆ ಮನೆಯ ಮೆರೂನು;
ಕತ್ತು ಎತ್ತಿದಾಗಲಾದರೂ
ಮೆಲ್ಲಗೆ ಮಾತಾಡುವ ಎರಡು ಕಾಣಲಿ ಅನ್ನುವುದನ್ನು
ಅವಳಿಗೆ ಹೇಗೆ ಹೇಳಲಿ?
ಗುಂಡಿ ಹಚ್ಚುತ್ತಾ ಸುಮ್ಮನಾದೆ.

ಕಣಗಿಲೆ ಎರಡೂ ಬಣ್ಣದಲ್ಲಿ ಸಿಗುತ್ತದೆ, ಆದರೆ ವಿಷ,
ಪಕ್ಕದ ಮನೆಯ ಮೇಕೆಗೆ ಅದು ಗೊತ್ತಿಲ್ಲ.
ಕಾಗದದ ಹೂ ಬಂದವರ ಸೆರಗು ಹಿಡಿಯುತ್ತದೆ,
ಹರಿದದ್ದನ್ನು ಮತ್ತೆ ನಾನೇ ಹೊಲಿಯಬೇಕು, ಪುಕ್ಕಟೆ.
ಗುಲಾಬಿ ಗಿಡಕ್ಕೆ ಮೊದಲಿಂದಲೂ ನನ್ನ ಮೇಲೆ ಸಿಟ್ಟು,
ಎರಡು ಸಲ ತಂದೆ, ಎರಡು ಸಲವೂ ಕಡ್ಡಿಯಾಯಿತು.
ನಿತ್ಯಪುಷ್ಪ ಕರೆಯದೆಯೇ ಚರಂಡಿಯ ಬಿರುಕಿಗೆ ಬಂದು ಕೂತಿತು,
ಇರಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಕೊನೆಗೆ ಡೇರೆ.

ಗುಲಾಬಿಯ ಗೆಡ್ಡೆ ಕೊಟ್ಟದ್ದು ಫಿಲೋಮಿನಾ ಟೀಚರು,
ಎರಡು ರವಿಕೆಯ ಕೂಲಿಗೆ.
ಬಿಳಿಯದು ಚೌಡಮ್ಮನದೇ. ಬೈಯುತ್ತಲೇ
ಉಡಿಯಿಂದ ತೆಗೆದಳು, ಮಣ್ಣು ಮೆತ್ತಿದ್ದು,
ಹಸುಗೂಸಿನ ಮುಷ್ಟಿಯಂಥದ್ದು.
ಗೆಡ್ಡೆಗೆ ಬಣ್ಣವಿರುವುದಿಲ್ಲ.
ಗುರುತಿಗಿರಲೆಂದು ಕೊರಳಿಗೆ ದಾರ ಕಟ್ಟಿ,
ಇದಕ್ಕೆ ಗುಲಾಬಿ, ಅದಕ್ಕೆ ಬಿಳಿ,
ಬೂದಿಯಲ್ಲಿ ಹೂತು ಮೆಷಿನ್ನಿನ ಕೆಳಗಿಟ್ಟೆ.
ರೋಹಿಣಿ ಮಳೆಗೆ ತೆಗೆದು ನೋಡಿದರೆ
ದಾರಗಳೆಲ್ಲ ಒಂದೇ, ಬೂದಿಯ ಬಣ್ಣ.
ನಗು ಬಂತು. ಹನ್ನೆರಡು ವರ್ಷ
ಊರಿಗೆಲ್ಲ ಮ್ಯಾಚಿಂಗ್ ಹುಡುಕಿ ಕೊಟ್ಟವಳು ನಾನು!
ಕೈಗೆ ಸಿಕ್ಕ ಹಾಗೆ ನೆಟ್ಟೆ.

ಕೆಂಪು ಮಣ್ಣಿನ ಊರಲ್ಲಿ ಬಿಳಿ ಹೂವಿಗೆ ಸುಖವಿಲ್ಲ,
ನಾಲ್ಕು ಜೋರು ಹನಿ ಬಿದ್ದರೆ ಸಾಕು,
ಯಾರೋ ಎಲೆಯಡಿಕೆ ಉಗುಳಿಹೋದ ಹಾಗೆ.
ಅದಕ್ಕೇ ಬುಡಕ್ಕೆ ಚಿಂದಿ ಹಾಸಿದೆ,
ಲೈನಿಂಗಿನ ಚೂರು, ಫಾಲ್ಸಿನ ತುದಿ,
ಕಂಕುಳಲ್ಲಿ ಕತ್ತರಿಸಿದ ಅರ್ಧಚಂದ್ರಗಳು.
ಕೋಲು ಕೊಟ್ಟೆ. ಕುಡಿ ಚಿವುಟಿದೆ, ಉಗುರಲ್ಲೇ;
ಬಟ್ಟೆಯ ಕತ್ತರಿ ಗಿಡ ಮುಟ್ಟಕೂಡದು,
ಕಾಗದವನ್ನೂ ಮುಟ್ಟಕೂಡದು,
ಹೊಲಿಗೆ ಕಲಿಸಿದ ಖುರ್ಷಿದಕ್ಕನ ಮೊದಲ ಪಾಠ ಅದು.

ಶ್ರಾವಣದ ಎರಡನೇ ವಾರ ಒಂದು ಬಿರಿಯಿತು.
ಬಿಳಿ. ಅಂಚಿಗೆ ಮಾತ್ರ
ಹೊಸ ಸೀರೆ ಒಗೆದ ಮೂರನೇ ನೀರಿನಷ್ಟು ಗುಲಾಬಿ.
"ನಿನ್ನ ಚಿಂದಿ ಬಣ್ಣ ಬಿಟ್ಟಿದೆ, ಬೇರು ಕುಡಿದಿದೆ" ಚೌಡಮ್ಮ.
"ಹಾಗೆಲ್ಲ ಆಗುವುದಿಲ್ಲ, ದುಂಬಿಯ ಕೆಲಸ" ಟೀಚರು.
ಇದು ತನ್ನ ಗೆಡ್ಡೆಯೇ ಅಂದಳು ಒಬ್ಬಳು,
ಅಲ್ಲ ತನ್ನದು ಅಂದಳು ಇನ್ನೊಬ್ಬಳು,
ಇದ್ದ ಒಂದೇ ಬೆಂಚಿನ ಆ ತುದಿ ಈ ತುದಿ ಕೂತು.
ನಾನು ಕಾಜಾ ಹಾಕುತ್ತಿದ್ದೆ.

ನಿನ್ನೆ ಒಬ್ಬ ಹುಡುಗಿ, ನಿಶ್ಚಿತಾರ್ಥದ ರವಿಕೆಗೆ,
ಹೂವಿನ ಕಡೆ ಬೆರಳು ಮಾಡಿ
"ಅದೇ ಬಣ್ಣದ ದಾರ ಹಾಕಿ ಅಕ್ಕ" ಅಂದಳು.
ಡಬ್ಬಿ ಸುರುವಿದೆ. ಅರವತ್ತೆಂಟು ರೀಲು.
ಒಂದೊಂದನ್ನೇ ಬಾಗಿಲಿಗೆ ತಂದು ಎಸಳಿಗೆ ಹಿಡಿದೆ,
ಒಂದೂ ಒಪ್ಪಲಿಲ್ಲ.
ಮೇಲಕ್ಕೆ ಬಿಳಿ ಪೋಣಿಸಿ, ಬಾಬಿನ್ನಿಗೆ ಗುಲಾಬಿ ಸುತ್ತಿ
ಮೇಲಿನದನ್ನು ಚೂರು ಬಿಗಿ ಮಾಡಿದೆ,
ಕೆಳಗಿನದು ಹೊಲಿಗೆ ಹೊಲಿಗೆಗೂ ಒಂದು ಚುಕ್ಕಿ ಇಣುಕಲಿ ಅಂತ.
ಖುರ್ಷಿದಕ್ಕ ನೋಡಿದ್ದರೆ ಬಿಚ್ಚಿಸುತ್ತಿದ್ದಳು.

ಹುಡುಗಿಗೆ ಮಂಗಳವಾರ ಬಾ ಅಂದಿದ್ದೇನೆ.
ಆಚೆ ಗಿಡದಲ್ಲಿ ಎರಡು ಮೊಗ್ಗು
ಇನ್ನೂ ಮುಚ್ಚಿಕೊಂಡೇ ಇವೆ.